ನೆ ಬಂತು

ತಿತಿಮತಿ ರೇಂಜ್ ಆಫೀಸಿನ ಊಟದ ಮೇಜಿನ ಮೇಲೆ
ನಲವತ್ತೆರಡು ವಾಕಿಟಾಕಿ, ಒಂದೇ ಕೇಬಲ್ಲು,
ಅದಕ್ಕೂ ಒಂದು ಪಿನ್ನು ಸೊಟ್ಟ.
ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಮಾತ್ರ
ಲ್ಯಾಪ್‌ಟಾಪು ಸೆಟ್ಟಿನ ಗುರುತು ಹಿಡಿಯುತ್ತದೆ.
ಓದು, ತಿದ್ದು, ಬರೆ.
ಒಂದೊಂದಕ್ಕೂ ಒಂದು ನಂಬರು, ಆರು ಗುಂಪು:
ಆನೆ, ಬೆಂಕಿ, ಗೇಟು, ಜೀಪು, ಸಾಹೇಬರು.
ಆರನೆಯದು ಖಾಲಿ, ಮುಂದೆ ಬೇಕಾದೀತು ಅಂದರು.

ಮಧ್ಯಾಹ್ನದ ಹೊತ್ತಿಗೆ ತಪ್ಪು ಮಾಡಿದ್ದೆ,
ಎರಡು ಸೆಟ್ಟಿಗೂ ೪೧೧೭.
ಬೆಟ್ಟದ ಟವರಿನ ಲೆಕ್ಕದಲ್ಲಿ
ವಾಚರ್ ಬೊಳಕ ಒಂದೇ ಗಳಿಗೆಯಲ್ಲಿ
ಆನೆಚೌಕೂರಲ್ಲೂ ಇದ್ದ, ಕುಟ್ಟದಲ್ಲೂ ಇದ್ದ.
ಸಂಬಳವೂ ಎರಡು ಬರ್ತದಾ, ಕೇಳಿದ.

ಹಳೇ ಸೆಟ್ಟಲ್ಲಿ ನಾಲ್ಕನೇ ಚಾನೆಲ್ ನಮ್ಮದು,
ಇದರಲ್ಲಿ ನಮ್ಮದು ಯಾವುದು, ಅಂದ.
ಯಾವುದೂ ಅಲ್ಲ, ಅಂದೆ.
ಗುಂಡಿ ಒತ್ತಿದರೆ ಟವರು ನೋಡುತ್ತದೆ,
ಯಾವುದು ಖಾಲಿಯೋ ಅದನ್ನು ಕೊಡುತ್ತದೆ,
ನೀನು ಬಿಟ್ಟ ಕೂಡಲೇ ಇನ್ನೊಬ್ಬರಿಗೆ.
ಒಂದು ಚಾನೆಲ್ ಮಾತ್ರ ಯಾರಿಗೂ ಇಲ್ಲ,
ಅದು ಹಗಲೂ ರಾತ್ರಿ ಹಂಚುತ್ತಲೇ ಇರುತ್ತದೆ,
ಮನುಷ್ಯರ ಮಾತು ಅದರಲ್ಲಿ ಹಾಯುವುದಿಲ್ಲ.

ಬೊಳಕ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.
ಎಸ್ಟೇಟು ಲೈನಿನಲ್ಲಿ ನಾವು ಹನ್ನೊಂದು ಜನ, ಚಾಪೆ ನಾಲ್ಕು.
ಅವ್ವ ನಿದ್ದೆ ಮಾಡಿದ್ದು ನಾನು ನೋಡಿಲ್ಲ.
ಯಾರು ಬಂದರೂ ಕತ್ತಲಲ್ಲೇ ಹೇಳ್ತಿದ್ದಳು,
ಗೋಡೆ ಕಡೆದು ಖಾಲಿ ಇದೆ, ಹೋಗು, ಮಲಗು.

ಟ್ರಂಕಿಂಗ್ ಬಗ್ಗೆ ಬರೆದುಕೊಂಡಿದ್ದ ಹಾಳೆಗಳನ್ನು
ನಾನು ಆಮೇಲೆ ಬ್ಯಾಗಿನಿಂದ ತೆಗೆಯಲಿಲ್ಲ.

ರಾತ್ರಿ ಎರಡೂವರೆ ದಾಟಿತ್ತು, ಸೆಟ್ಟು ಕರೆಯಿತು:
ನೆ ಬಂತು.
ಯಾರದು? ಏನು ಬಂತು?
ರಡು ಮರಿ.
ಣದ ಹತ್ತಿರ.
ಕಾಫಿ ಒಣಹಾಕಿದ ಕಣ, ಅದು ಹೊಳೆಯಲು
ನನಗೆ ಬೇಕಾದಷ್ಟು ಹೊತ್ತು ಹಿಡಿಯಿತು.
ಟವರು ದಾರಿ ಹುಡುಕುವ ಅರೆಕ್ಷಣದಲ್ಲಿ
ಆಡಿದ ಮೊದಲ ಅಕ್ಷರ ಬಿದ್ದುಹೋಗುತ್ತದೆ.

ಬೆಳಿಗ್ಗೆ ಕಲಿಸಿದೆ. ಒತ್ತು.
ಟಿಕ್ ಟಿಕ್ ಕೇಳುವ ತನಕ ತಡಿ, ಆಮೇಲೆ ಆನೆ ಅನ್ನು.
ಆನೆ ತಡೀತದಾ, ಅಂದ.
ಅಂದು, ಸೆಟ್ಟನ್ನು ಬಾಯಿಂದ ದೂರ ಹಿಡಿದು
ಆಚೆ ಗುಡ್ಡದವನನ್ನು ಕರೆಯುವ ಹಾಗೆ
ಓ ಎಂದು ಎಳೆದ. ಆನೆ, ಅಂದ.
ಟವರಿಗೆ ಓ ಸಂದಿತು,
ಆನೆ ಇಡಿಯಾಗಿ ಬಂತು.

ಈಗ ನಲವತ್ತೆರಡು ಸೆಟ್ಟಿನವರೂ ಹಾಗೇ.
ಓ ಬೆಂಕಿ. ಓ ಜೀಪು. ಓ ಸಾಹೇಬರೇ.
ಆ ರಾತ್ರಿಯದು ಲಾಗಿನಲ್ಲಿ ಇಷ್ಟೇ ಇದೆ:
೪೧೧೭, ಗುಂಪು ಒಂದು, ಮೂರು ಕರೆ, ಒಟ್ಟು ಆರು ಸೆಕೆಂಡು.

ಹಂಚುವ ಚಾನೆಲ್ಲಿಗೆ ನನ್ನ ಫೈಲಿನಲ್ಲಿ
ಹೆಸರಿನ ಜಾಗವೊಂದು ಬರಿದಾಗಿತ್ತು.
ಹದಿನಾರು ಅಕ್ಷರ ಹಿಡಿಸುತ್ತದಂತೆ.
ಎರಡೇ ಸಾಕಾಯಿತು.

ಕೇಬಲ್ಲಿನ ಪಿನ್ನು ಇನ್ನೂ ಸೊಟ್ಟ.
ಮಡಿಕೇರಿಗೆ ಇಂಡೆಂಟ್ ಕಳಿಸಿದ್ದೇನೆ.