ಒಂದು ಹನಿ

ತಾರಿಹಾಳದಾಗ ನನ್ನ ಕೆಲಸ ಇಷ್ಟ:
ಉಕ್ಕಿನ ವಾಲ್ವು ಬಿಗಿದು, ಒಳಗ ನೀರು ತುಂಬಿ,
ಪಂಪು ಒತ್ತಿ, ಮುಳ್ಳು ಏರೂದು ನೋಡಿ
ಹತ್ತು ನಿಮಿಷ ಕಣ್ಣು ಪಿಳುಕಿಸದ ನಿಂದರೂದು.
ಒಂದು ಹನಿ ಬರಬಾರದು.
ಬಂದ್ರ ಫೇಲು. ಬರದಿದ್ರ
ಕೆಳಗ ನನ್ನ ಸಹಿ: ಎಸ್. ಜಿ. ಹಂಚಿನಮನಿ.
ಆ ಸಹಿ ಹಡಗ ಹತ್ತಿ ಎಲ್ಲೆಲ್ಲೋ ಹೋಗೈತಿ,
ನಾ ಗೋವಾ ಸುದ್ದಾ ನೋಡಿಲ್ಲ.

ಇಂಥಾಕಿಗೆ ಗುಜರಿ ಅಂಗಡ್ಯಾಗ ಸಿಕ್ತು ಆ ಕಿಟ್ಲಿ.
ಎಂಟು ಮೂಲಿ, ನಡಾ ಸಣ್ಣದು, ಕರೇ ಹಿಡಿಕಿ.
"ಇಟಲಿದು, ತಳದಾಗ ಬರದೈತಿ ನೋಡಕ್ಕಾ,
ಎಣ್ಣಿ ಹಾಕಿಡಾಕ ಚಲೋ."
ತಿರುವಿ ನೋಡಿದ್ನಿ: ಹೊಟ್ಟಿ ಮ್ಯಾಲ
ತೊಗರಿ ಕಾಳಿನಷ್ಟ ಒಂದು ವಾಲ್ವು!
ನಗು ಬಂತು.
ನೂರಾ ನಲವತ್ತು ಕೇಳಿದಾಂವ ತೊಂಬತ್ತಕ್ಕ ಬಿಟ್ಟ.

ಮೊದಲ ಸಲ ಒಲಿ ಮ್ಯಾಲ ಇಟ್ಟಾಗ
ನಡದಾಗಿಂದ ಸುಯ್ಯಂತ ಉಗಿ,
ಕಂದು ನೀರು ಬರ್ನರಿನ ಮ್ಯಾಲ ಹರದು ಸುಟ್ಟ ವಾಸನಿ.
ಎಂಬತ್ತು ಬಾರ್ ಒತ್ತಡಕ್ಕ ಮಿಸುಗದಾಕಿ
ಒಂದೂವರಿಗೆ ಸೋತು ನಿಂತೆನಿ,
ನಮ್ಮನಿಯವರು ಬಾಗಲದಾಗಿಂದ
"ಚಹಾ ಆತೇನ?" ಅಂತಾರ.

ಗೌಸಮೊದ್ದೀನ ನಮ್ಮಲ್ಲೆ ಗ್ಯಾಸ್ಕೆಟ್ ಕತ್ತರಸಾಂವ.
ಊಟದ ಬಿಡುವಿನ್ಯಾಗ ಅವನ ಮುಂದ ಇಟ್ನಿ.
ಬಿಳೇ ಸಿಲಿಕಾನ್ ಹಾಳಿ, ತಿನ್ನೂ ಸಾಮಾನಿಗೆ ನಡೀತೈತಿ ಅಂದ.
ಕೈವಾರ ಹಾಕಿದ, ಬ್ಲೇಡು ತಿರುವಿದ,
ಕೂಸಿನ ಬಳಿಯಂಥಾದ್ದು ಒಂದು ಕೈಗೆ ಬಂತು.
ರೊಕ್ಕ ಒಲ್ಲೆ ಅಂದ.

ಪುಡೀದು ಬ್ಯಾರೆ ಕಥಿ.
"ಚಿಕೋರಿ ಎಷ್ಟು?" "ಏನೂ ಬ್ಯಾಡ."
ಅಂಗಡಿಯಾಂವ ನನ್ನ ಮಾರಿ ನೋಡಿದ.
ರಂಗೋಲಿಯಂಗ ಸಣ್ಣ ಬೀಸಿ ಕೊಟ್ಟ, ಉಸಿರುಗಟ್ಟಿ ನಿಂತಿತು.
ಇಡ್ಲಿ ರವಾದಂಗ ಕೊಟ್ಟ, ಓಡಿ ಬಂತು ಬಣ್ಣದ ನೀರು.
ಮೂರನೇ ಸಲ ನಾನ ಬೆರಳು ತಿಕ್ಕಿ ತೋರಿಸಿದ್ನಿ:
ಜ್ವಾಳದ ಹಿಟ್ಟು ಜರಡಿ ಹಿಡದಾಗ ಮ್ಯಾಲ ಉಳಿತೈತಲ್ಲ, ಆ ತರಿ.
ಹಂಗಂದ್ರ ಈ ಊರಾಗ ಯಾರಿಗೆ ತಿಳಿಯಾಂಗಿಲ್ಲ?

ಈಗ ರವಿವಾರಕ್ಕೊಮ್ಮೆ.
ನಳಾ ಬಂದ ದಿನಾ ಆದ್ರ ಇನ್ನೂ ಚಲೋ.
ಆರು ದಿನದ ನೀರಿಗೆ ಡ್ರಮ್ಮಿನ ರುಚಿ ಇರ್ತೈತಿ,
ಚಹಾ ಅದನ್ನ ಮುಚ್ಚಿಡ್ತೈತಿ, ಕಾಫಿ ಹೇಳಿಬಿಡ್ತೈತಿ.
ನೀರು ವಾಲ್ವಿನ ಕೆಳಗ ನಿಲ್ಲಬೇಕು.
ಪುಡಿ ತುಂಬಿ ಬೆರಳಿಂದ ಸಮ ಮಾಡು. ಒತ್ತಬ್ಯಾಡ.
ಒತ್ತೂದೆಲ್ಲಾ ಶಿಫ್ಟಿನ್ಯಾಗ ಮುಗಿಸಿ ಬಂದೇನಿ.
ಬಿಗಿ ತಿರುವು. ಉರಿ ಸಣ್ಣದು,
ಹಾಲಿಗೆ ಕೆನಿ ಕಟ್ಟೂವಷ್ಟ.
ಮುಚ್ಚಳ ತಗದ ಇರಲಿ.

ಮತ್ತ ಅದ ನಿಲುವು, ಕೈ ಕಟಗೊಂಡು,
ಒಳಗ ನೀರು, ಕೆಳಗ ಬೆಂಕಿ,
ನಡುವ ಗೌಸಮೊದ್ದೀನನ ಬಳಿ.
ಮುಳ್ಳಿಲ್ಲ.
ಆರು ದಿನಾ ಬರಬ್ಯಾಡ ಬರಬ್ಯಾಡ ಅಂದಾಕಿ
ಇವತ್ತ ಬಾ ಅಂತೀನಿ.

ಬರ್ತೈತಿ.
ಮೊದಲ ಒಂದು ಹನಿ, ಕಾಕಂಬಿ ಬಣ್ಣದ್ದು,
ಕೊಳವಿ ತುದಿಗೆ ಕುಂತು, ಜಾರೂದೋ ಬ್ಯಾಡೋ ಅಂತ
ಸ್ವಲ್ಪ ತಡದು, ಜಾರ್ತೈತಿ.
ಅದರ ಹಿಂದ ಉಳಿದವು.
ಗೊರಗೊರ ಅನ್ನೂಕಿಂತ ಮೊದಲ ಉರಿ ಆರಿಸು,
ತಡಾ ಮಾಡಿದ್ರ ಕಹಿ ಆಗಾಂಗಿಲ್ಲ ಅದು,
ಸಿಟ್ಟಾಗ್ತೈತಿ.

ಬಾಜೂಮನಿ ಯಮುನಾಬಾಯಿ ಕಾಟಿಗರ
ವಾಸನಿ ಹಿಡಕೊಂಡು ಬಂದ್ಲು. "ಹಾಲೆಲ್ಲೈತಿ?" "ಇಲ್ಲ."
"ಸಕ್ರಿ?" ಒಂದು ಚಮಚಾ ಕೊಟ್ನಿ.
ಅರ್ಧ ಗ್ಲಾಸು ಕುಡದು
ಬಾಳೊತ್ತು ಸುಮ್ಮನ ಕುಂತು ಕೇಳಿದ್ಲು,
"ಇಷ್ಟ ಇಷ್ಟ ಯಾಕ ಮಾಡಿದಿ?"
ನಮ್ಮನಿಯವರಿಗೆ ಚಹಾ ಇಟ್ನಿ, ಆ ಮಾತು ಬ್ಯಾರೆ.

ಸೋಮವಾರ ಸಣ್ಣ ಥರ್ಮಾಸಿನ್ಯಾಗ ಒಯ್ದೆನಿ.
ಗೌಸಮೊದ್ದೀನ ಗುಟುಕರಿಸಿ,
ಬೇವಿನ ತೊಪ್ಪಲ ಅಗದವರಂಗ ಮಾರಿ ಮಾಡಿ,
ಕಾಫಿ ಬಗ್ಗೆ ಏನೂ ಅನ್ನಲಿಲ್ಲ.
"ನಡದಾಗ ಸೋರಲಿಲ್ಲಲ್ಲ?" ಅಂದ.
"ಒಂದು ಹನಿ ಇಲ್ಲ."
"ಹಂಗಾದ್ರ ಸಹಿ ಮಾಡು."