ಪೆಟ್ಟಿಗೆ ಆರು, ಕಾಗದ ನಲವತ್ತೊಂದು

ಡುಲುತ್ ಎಂಬ ಊರು ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ,
ಈಗ ಅಲ್ಲಿಯ ಸರೋವರ ಹೆಪ್ಪುಗಟ್ಟುವ ತಾರೀಕು ಬಾಯಿಪಾಠ.
ಪುಣೆಯ ಈ ಗ್ರಂಥಾಲಯದ ಮಾಳಿಗೆಯಲ್ಲಿ
ಕಾಗದ ಪಟ್ಟಿ ಮಾಡುವ ದಿನಗೂಲಿಯವಳು ನಾನು, ಸೊಲ್ಲಾಪುರದವಳು.
ಮುತಾಲಿಕರ ಟ್ರಂಕು ಬಿಚ್ಚಿ ನಾಲ್ಕು ತಿಂಗಳಾಯಿತು.

ಅನಂತ ಗುಂಡೋ ಮುತಾಲಿಕ, ನಾರಾಯಣ ಪೇಠೆ,
ಕೆಳಗೆ ಅಚ್ಚಿನ ಮನೆ, ಮೇಲೆ ಸಂಸಾರ. ಮೂರು ಕಾದಂಬರಿ,
ಮೂರೂ ಮಾರಾಟವಾಗದೆ ಮಂಚದ ಕಾಲಿಗೆ ಒತ್ತಾದವು.
ಎಡ್ನಾ ಹಾಲ್ವರ್ಸನ್: ಹನ್ನೊಂದು ಕಾದಂಬರಿ, ಒಬ್ಬ ಗಂಡ,
ಗಂಡನ ಬಗ್ಗೆ ಎರಡೇ ವಾಕ್ಯ, ಒಂದು ಹಲ್ಲುನೋವಿನದು.

ಹದಿನೆಂಟು ವರ್ಷ ಬರೆದುಕೊಂಡರು. ಮುಖ ನೋಡಲಿಲ್ಲ.
ಇವರು ಬರೆದದ್ದೆಲ್ಲ ಅಲ್ಲೇ ಯಾವುದೋ ವಿಶ್ವವಿದ್ಯಾಲಯದ
ತಣ್ಣನೆಯ ಕೋಣೆಯಲ್ಲಿದೆಯಂತೆ. ನನ್ನ ಬಳಿ ಬರೀ ಜವಾಬು,
ಗೋಡೆಯಾಚೆ ಯಾರೋ ಫೋನಿನಲ್ಲಿ ಮಾತಾಡಿದ ಹಾಗೆ:
"ಉಪ್ಪಿನಕಾಯಿ ಭರಣಿ ಒಡೆದಿತ್ತು,
ಹಸ್ತಪ್ರತಿಗೆ ಅಂಟಿದ್ದನ್ನು ನೆಕ್ಕಿದೆ."
"ನಿಮ್ಮ ಏಳನೇ ಅಧ್ಯಾಯದ ವಿಧವೆ ಅಷ್ಟು ಬೇಗ ಕ್ಷಮಿಸಬಾರದು."
"ಇಲ್ಲ. ಆ ಪ್ರಶ್ನೆಗೆ, ಇಲ್ಲ."
ಯಾವ ಪ್ರಶ್ನೆಗೆ?

ಆಮೇಲೆ ಅರವತ್ತೊಂದರ ಜುಲೈ. ಪಾನ್‌ಶೆತ್ ಒಡೆಯಿತು.
ಮುಠಾ ನದಿ ಮೆಟ್ಟಿಲು ಹತ್ತಿ ಬಂದು
ಕಪಾಟಿನ ಮೂರನೆಯ ಹಲಗೆಯವರೆಗೆ ಓದಿಕೊಂಡು ಹೋಯಿತು.
ಇವತ್ತಿಗೂ ಕಾಗದ ಬಿಡಿಸಿದರೆ ಅಂಗೈಗೆ ಕೆಸರಿನ ಪುಡಿ;
ಬಾಯಿಗೆ ಬಟ್ಟೆ ಕಟ್ಟಿ ಕುಂಚದಲ್ಲಿ ಗುಡಿಸುತ್ತೇನೆ.

ಇವರು ಏನೆಂದು ತೋಡಿಕೊಂಡರೋ. ಆಕೆಯ ಉತ್ತರ ಹೀಗಿದೆ:
"ನಾನು ಜಿಪುಣಿ, ಎಲ್ಲದಕ್ಕೂ ಕಾರ್ಬನ್ ಪ್ರತಿ ಇಟ್ಟಿದ್ದೇನೆ.
ನಿಮ್ಮ ನದಿ ಒಯ್ದದ್ದನ್ನು ವಾಪಸು ಕಳಿಸುತ್ತಿದ್ದೇನೆ."
ಹೀಗಾಗಿ ಒಂದೊಂದಕ್ಕೂ ಎರಡು: ತೊಯ್ದದ್ದು, ತೊಯ್ಯದ್ದು.

ನಲವತ್ತೊಂದರಲ್ಲಿ ತಾಳೆ ತಪ್ಪಿತು.
ಕಾರ್ಬನ್ನಿನಲ್ಲಿ ಮೂರು ಪ್ಯಾರಾ, ಆಮೇಲೆ ಕತ್ತರಿ,
ಹೊಲಿಗೆ ಬಲ್ಲವಳ ನೇರ ಕತ್ತರಿ.
ಮೂಲದಲ್ಲಿ ನಾಲ್ಕನೆಯದಕ್ಕೆ ಜಾಗವಿದೆ,
ರಿಬ್ಬನ್ನಿನ ನೇರಳೆಯನ್ನೆಲ್ಲ ನದಿ ಕುಡಿದಿದೆ.

ಬೆಳಕಿನ ಪೆಟ್ಟಿಗೆಯ ಮೇಲಿಟ್ಟೆ.
ಆಕೆಯ ಟೈಪ್‌ರೈಟರಿನ 'ಓ' ಮಹಾ ಹರಿತ,
ಈರುಳ್ಳಿ ಸಿಪ್ಪೆಯಂಥ ಹಾಳೆಯನ್ನು ಪ್ರತಿ ಸಲ ಕಚ್ಚಿ
ತೂತು ಮಾಡುತ್ತಿತ್ತು; ಎರಡು ಸಲ ಕ್ಷಮೆ ಕೇಳಿದ್ದಾಳೆ.
ಶಾಯಿ ಒಯ್ದ ನೀರಿಗೆ ತೂತು ಒಯ್ಯಲು ಬರುವುದಿಲ್ಲವಲ್ಲ.
ಹದಿನೇಳು. ಡಬ್ಬಿಯ ಭಕ್ರಿ ತಿಂದು ಬಂದು ಮತ್ತೆ ಎಣಿಸಿದೆ.

ನಮ್ಮ ಸೊನ್ನೆ ಒಂಟಿಯಾಗಿ ನಿಲ್ಲದು,
ಹಿಂದಿನ ಅಕ್ಷರಕ್ಕೆ ಒರಗಿ ಮೂಗಿನಲ್ಲೇ ಗುನುಗುತ್ತದೆ.
ಆಕೆಯದು ಬಾಯಿ ತೆರೆದ ಸೊನ್ನೆ:
'ನೋ'ದಲ್ಲಿ ಒಂದು, 'ಕಮ್'ನಲ್ಲಿ ಒಂದು,
'ಟುಮಾರೊ'ದಲ್ಲಿ ಮೂರು.
ಅಡ್ಡಕ್ಕೂ ಉದ್ದಕ್ಕೂ ಕೂಡಿಸಿ ನೋಡಿದೆ,
ಎಲ್ಲ ಮಾತೂ ಹೊಂದುತ್ತದೆ.

"ಮುಂಬೈಗೆ ಕಳಿಸಿದರೆ ಕ್ಯಾಮೆರಾ ಹಿಡಿದು ಓದಿಕೊಡುತ್ತಾರೆ,
ಅರ್ಜಿ ಬರಿ ಸಾಕು," ಎನ್ನುತ್ತಾರೆ ಸಾಠ್ಯೆ ಬಾಯಿ.
ಬರೆಯಬೇಕು. ಸೋಮವಾರ.
ಪಟ್ಟಿಯಲ್ಲಿ ಸದ್ಯಕ್ಕೆ: ಒಂದು ಪ್ಯಾರಾ ಓದಲಾಗದು. ಕಾರಣ, ನೀರು.

ಮುತಾಲಿಕರು ತೊಯ್ದದ್ದನ್ನೂ ಕತ್ತರಿಸಿದ್ದನ್ನೂ ಸೇರಿಸಿ
ಒಂದೇ ಗುಂಡುಸೂಜಿ ಚುಚ್ಚಿಟ್ಟಿದ್ದರು, ಸರಿಯಾಗಿ
ಆ ಖಾಲಿ ಜಾಗದ ನಡುವೆ.
ತುಕ್ಕು ಹಿಡಿದ ಸೂಜಿ ಕೀಳಬೇಕೆಂದು ನಿಯಮ. ಕಿತ್ತೆ.
ಹದಿನೆಂಟನೆಯ ತೂತು ಅವರದು.