ಅವರು ಆಗಲೇ ಹೋದರು

ನ್ಯೂಕಾಸಲ್ಲಿನ ಒಂದು ಗಲ್ಲಿ, ನಾಟಕಶಾಲೆಯ ಬೆನ್ನಿಗೆ.
ಕಸದ ತೊಟ್ಟಿಗಳ ಪಕ್ಕ ನಿಂತಿದ್ದೆವು ನಾಲ್ಕು ಜನ,
ಎರಡನೇ ಪಂಕ್ತಿಗೆ ಕಾದವರ ಹಾಗೆ
ಒಬ್ಬರ ಮುಖ ಒಬ್ಬರು ನೋಡದೆ.

ಡೋರೀನ್ ಎಂಬಾಕೆ ತಗಡಿನ ಡಬ್ಬಿಯಲ್ಲಿ ಶುಂಠಿ ಕೇಕು ತಂದಿದ್ದಳು.
‘ಪ್ರತಿ ಗುರುವಾರ ಕೊಡ್ತೀನಿ,
ತಿಂತಾರೋ ಇಲ್ವೋ ಕೇಳಿಲ್ಲ’ ಎಂದಳು.
ಇಬ್ಬರು ಹುಡುಗಿಯರು ಫೋನಿನಲ್ಲಿ ಮುಖ ನೋಡಿಕೊಂಡು
ಬೆರಗಾಗುವುದನ್ನು ಅಭ್ಯಾಸ ಮಾಡುತ್ತಿದ್ದರು.
ಟೈನ್ ನದಿಯ ಕಡೆಯಿಂದ ಗಾಳಿ.
ಸೇತುವೆಯ ಕಬ್ಬಿಣದ ಸಂದಿಯಲ್ಲಿ ಕಡಲಹಕ್ಕಿಗಳಿಗೆ
ರಾತ್ರಿ ಹತ್ತೂವರೆಗೂ ಜಗಳ.

ನಾನು ತಂದಿದ್ದು ಒಂದು ವಾಕ್ಯ.
ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಮಾತ್ರೆ ಎಣಿಸುತ್ತ
ವಾರವಿಡೀ ಉಜ್ಜಿ ಹೊಳಪು ಕೊಟ್ಟ ಇಂಗ್ಲಿಷ್ ವಾಕ್ಯ:
ಮೂರನೇ ಅಂಕದಲ್ಲಿ ನೀವು ಗಡಿಯಾರ ಕೆಳಗಿಟ್ಟು,
ಹೆತ್ತ ಮಗಳನ್ನೇ ಗಿರಾಕಿಯೆಂದು ತಿಳಿದು,
‘ಅಂಗಡಿ ಮುಚ್ಚಿದೆ, ನಾಳೆ ಬನ್ನಿ’ ಎಂದಿರಲ್ಲ,
ಆಗ ನಾನು...
ಆಗ ನಾನು ಏನು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಬಾಗಿಲು ತೆರೆದಾಗಲೆಲ್ಲ ಎದೆ ಧಸಕ್.
ದೀಪದ ಹುಡುಗ. ಟೋಪನ್‌ಗಳ ಹೆಂಗಸು.
ಆಮೇಲೆ ಒಬ್ಬ ಕುಳ್ಳ, ಬೋಳುತಲೆ,
ಕೈಚೀಲದಿಂದ ಈರುಳ್ಳಿ ಸೊಪ್ಪು ಇಣುಕುತ್ತಿತ್ತು.
ಸ್ಟೋರ್ ನೋಡಿಕೊಳ್ಳುವವನಿರಬೇಕು ಎಂದುಕೊಂಡು ತಡೆದೆ:
‘ರಾಡ್ರಿಕ್ ಹೇಸಲ್ ಅವರು ಯಾವಾಗ ಬರ್ತಾರೆ?’

ಅವನು ನನ್ನನ್ನು ನೋಡಿದ. ತುಸು ಹೆಚ್ಚೇ ಹೊತ್ತು.
‘ಅವರು ಆಗಲೇ ಹೋದರು, ಮುಂಬಾಗಿಲಿಂದ.
ಯಾರೋ ನೆಂಟರು ಬಂದಿದ್ದರು.’
ಆ ನೆಂಟರ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು!
ಡೋರೀನ್ ಯಾಕೋ ತನ್ನ ಬೂಟಿನ ಲೇಸು ನೋಡುತ್ತಿದ್ದಳು.

‘ಹಾಗಾದರೆ ಅವರಿಗೆ ಹೇಳ್ತೀರಾ?’
ವಾಕ್ಯವನ್ನು ಪೂರ್ತಿ ಅವನ ಕೈಗೆ ಕೊಟ್ಟೆ.
ಬೇಕಾದವನಲ್ಲವಲ್ಲ, ನಾಲಗೆ ತಾನೇ ಸಡಿಲಾಯಿತು:
‘ಆಗ ನಾನು ಬಾಲ್ಕನಿಯಲ್ಲಿ ಕಂಬದ ಹಿಂದೆ ಕೂತು,
ಸರಿ, ನಾಳೆ ಬರ್ತೀನಿ ಅಂತ ಜೋರಾಗಿ ಅಂದುಬಿಟ್ಟೆ.
ಪಕ್ಕದವರು ಸಿಡುಕಿದರು. ನಿಜವಾಗಿಯೂ ಮರುದಿನ ಬಂದೆ.’
ಪಕ್ಕದ ಮನೆಯ ಪಾರ್ಸೆಲ್ಲು ಇಸಿದುಕೊಳ್ಳುವವನ ಹಾಗೆ
ಕತ್ತು ವಾರೆ ಮಾಡಿ ಕೇಳಿಸಿಕೊಂಡ.
‘ಹೇಳ್ತೀನಿ’ ಎಂದ.

ಬಸ್ಸಿನ ಮಹಡಿಯಲ್ಲಿ ಎಲ್ಲರಿಗಿಂತ ಮುಂದಿನ ಸೀಟು,
ಮಕ್ಕಳು ಹಟ ಮಾಡಿ ಹಿಡಿಯುವ ಸೀಟು, ಅಲ್ಲಿ ಕೂತಿದ್ದ.
ನಾನು ಹಿಂದೆ.
ಸೊಟ್ಟಗಾದ ಟಿಕೇಟನ್ನು ತೊಡೆಯ ಮೇಲಿಟ್ಟು
ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ
ಮೆಲ್ಲಗೆ ನೀವಿದ,
ಗಡಿಯಾರದ ಸ್ಪ್ರಿಂಗನ್ನು ನೀವಿದ ಹಾಗೆ.

ಅಯ್ಯೋ.

ಅಲ್ಲಿಯತನಕ ‘ಅವನು’ ಆಗಿದ್ದವನು
ಒಂದೇ ಏಟಿಗೆ ‘ಅವರು’ ಆದರು.
ಎಡಗಿವಿಯ ಹಿಂದೆ ತೊಳೆಯಲು ಮರೆತ ಬಿಳಿ ಬಣ್ಣ.
ನಾಟಕ ಕಂಪನಿಯಲ್ಲಿ ಪೆಟ್ಟಿಗೆ ಬಾರಿಸುತ್ತಿದ್ದ
ನನ್ನ ಸೋದರಮಾವ ಹೇಳುತ್ತಿದ್ದ:
ಮುಖ ತೊಳೆದು ಮನೆಗೆ ಹೋದವನ ಕಿವಿಯ ಹಿಂದೆ
ಒಂದು ಚಿಟಿಕೆ ರಾಜ ಉಳಿದಿರುತ್ತಾನೆ.

ಹೀಟನ್ ಹತ್ತಿರ ಎದ್ದರು. ಮೆಟ್ಟಿಲಿಗೆ ನನ್ನನ್ನು ದಾಟಿಯೇ ಬರಬೇಕು.
ನಾನು ತಲೆ ತಗ್ಗಿಸಿದೆ, ನಾಟಕದ ಪುಸ್ತಿಕೆಯೊಳಗೆ.
ಅಲ್ಲೂ ಅವರೇ, ತಲೆತುಂಬ ಕೂದಲಿಟ್ಟುಕೊಂಡು ನಗುತ್ತ.
ಸೊಪ್ಪಿನ ಚೀಲ ನನ್ನ ಮೊಣಕಾಲಿನ ಬಳಿ ನಿಂತಿತು.

‘ಹೇಳಿದೆ ಅವರಿಗೆ’ ಎಂದರು.

‘ಏನಂದರು?’ ನನ್ನ ದನಿ ಎಲ್ಲಿಂದಲೋ ಬಂತು.

ಬಸ್ಸು ಜೋಲಿ ಹೊಡೆಯಿತು. ಕಂಬಿ ಹಿಡಿದು ಯೋಚಿಸಿದರು.
‘ಏನೂ ಅನ್ನಲಿಲ್ಲ.
ಆರು ಸ್ಟಾಪು ಸುಮ್ಮನೆ ಕೂತಿದ್ದರು.’

ಇಳಿದುಹೋದರು.
ನನ್ನ ಸ್ಟಾಪು ಯಾವಾಗಲೋ ದಾಟಿತ್ತು.
ಸಹಿಗೆಂದು ತಂದ ಪೆನ್ನು ಜೇಬಿನಲ್ಲಿ ಮುಚ್ಚಳ ಬಿಚ್ಚಿಕೊಂಡು
ಕೋಟಿನ ಒಳಗೆಲ್ಲ ಗೀಚಿತ್ತು,
ಓದಲಾಗದ ಹಾಗೆ, ದೊಡ್ಡವರ ಸಹಿ ಇರುವ ಹಾಗೆಯೇ.